ಬೆವರದ ಅಭ್ಯರ್ಥಿ

ಸಾರ್ವಜನಿಕ ಅನುಕೂಲ ಇಲಾಖೆಯ ಕಟ್ಟಡಕ್ಕೆ ಆರು ಮಹಡಿಗಳಿವೆ. ಒಂದು ಲಿಫ್ಟ್ ಇದೆ. ಲಿಫ್ಟಿನ ಪಕ್ಕದ ಗೋಡೆಯಲ್ಲಿ ಒಂದು ಬೋರ್ಡು ಇದೆ: 'ಲಿಫ್ಟ್ ಸುಸ್ಥಿತಿಯಲ್ಲಿದೆ. ದಯವಿಟ್ಟು ಮೆಟ್ಟಿಲು ಬಳಸಿ.'

ಬೋರ್ಡಿನಲ್ಲಿ ತಪ್ಪೇನೂ ಇಲ್ಲ. ಲಿಫ್ಟ್ ಕೆಟ್ಟಿದೆ ಎಂದು ಹೇಳುವ ಅಧಿಕಾರ ಇಲಾಖೆಯ ನಿಯಮದಂತೆ ಇಲಾಖೆಯ ಲಿಫ್ಟ್ ಮೆಕ್ಯಾನಿಕನಿಗೆ ಮಾತ್ರ ಸೇರಿದ್ದು. ಮೆಕ್ಯಾನಿಕ್ ವಯಸ್ಸಾಗಿ ನಿವೃತ್ತನಾದ. ಅವನು ಹೋದ ಮೇಲೆ ಲಿಫ್ಟ್ ನಿಂತಿತು. ಕೆಟ್ಟಿದೆ ಎನ್ನಲು ಅಧಿಕಾರವುಳ್ಳವರು ಯಾರೂ ಉಳಿದಿರಲಿಲ್ಲವಾದ್ದರಿಂದ ಅದು ಕೆಟ್ಟಿರಲಿಲ್ಲ. ಸುಮ್ಮನೆ ನಿಂತಿತ್ತು.

ಏನಾಗಿದೆ ಎಂಬುದು ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಲಿಫ್ಟಿನದು ಹಳೆಯ ಕಾಲದ ಜಾಲರಿ ಬಾಗಿಲು. ಅದು ಪೂರ್ತಿ ಮುಚ್ಚಿದಾಗ ಒಂದು ತಗಡಿನ ಪಟ್ಟಿ ಒಂದು ಸ್ವಿಚ್ಚನ್ನು ಒತ್ತಬೇಕು. ಪಟ್ಟಿ ಸೊಟ್ಟಗಾಗಿತ್ತು. ಬಾಗಿಲು ಮುಚ್ಚಿದರೂ ಮುಚ್ಚಿದೆ ಎಂದು ಲಿಫ್ಟಿಗೆ ತಿಳಿಯುತ್ತಿರಲಿಲ್ಲ. ಇಷ್ಟೇ. "ಒಂದು ಏಟು ಹಾಕಿದ್ರೆ ಸರಿಹೋಗುತ್ತೆ," ಎಂದು ಕಸ ಗುಡಿಸುವವಳು ಕೂಡ ಹೇಳುತ್ತಿದ್ದಳು. ಆದರೆ ಏಟು ಹಾಕುವುದು ಮೆಕ್ಯಾನಿಕನ ಕೆಲಸ. ಹುದ್ದೆ ಖಾಲಿ.

ಇಲಾಖೆ ಕೈಕಟ್ಟಿ ಕೂರಲಿಲ್ಲ. ಪ್ರಕಟಣೆ ಹೊರಡಿಸಿತು:

'ಲಿಫ್ಟ್ ಮೆಕ್ಯಾನಿಕ್ ಹುದ್ದೆಗೆ ಅರ್ಜಿಗಳನ್ನು ಕರೆಯಲಾಗಿದೆ. ಆಯ್ಕೆಯು ಸಂದರ್ಶನದ ಮೂಲಕ ನಡೆಯತಕ್ಕದ್ದು. ಅಂಕಗಳ ದೊಡ್ಡ ಪಾಲು ಅಭ್ಯರ್ಥಿಯು ಮೂಡಿಸುವ ಸದಭಿಪ್ರಾಯಕ್ಕೆ ಮೀಸಲು. ಉಳಿದವು ಕೈಬರಹಕ್ಕೆ. ಕೆಲಸದ ಪರಿಣತಿಯನ್ನು ಅಳೆಯಬಲ್ಲ ಮೆಕ್ಯಾನಿಕ್ ಇಲಾಖೆಯಲ್ಲಿ ಸದ್ಯ ಇಲ್ಲದಿರುವುದರಿಂದ ಪರಿಣತಿಗೆ ಅಂಕಗಳಿರುವುದಿಲ್ಲ. ಮೂರು ಬಾರಿ ಸದಭಿಪ್ರಾಯ ಮೂಡಿಸಲು ವಿಫಲನಾದ ಅಭ್ಯರ್ಥಿಯು ಮುಂದೆ ಅರ್ಜಿ ಹಾಕತಕ್ಕದ್ದಲ್ಲ. ಸಂದರ್ಶನದ ಸ್ಥಳ: ಆರನೇ ಮಹಡಿ.'

ಪ್ರಕಟಣೆಯನ್ನು ಪತ್ರಿಕೆಯಿಂದ ಕತ್ತರಿಸಿ ಅಳಿಯನ ತಟ್ಟೆಯ ಪಕ್ಕದಲ್ಲಿ ಇಟ್ಟವರು ಮಾವ.

ಅಳಿಯ ಲಿಫ್ಟ್ ರಿಪೇರಿಯವನು. ಅವನಿದ್ದ ಕಂಪನಿ ಮುಚ್ಚಿಹೋಗಿತ್ತು. ಬಾಡಿಗೆ ಮನೆ ಬಿಟ್ಟು ಹೆಂಡತಿಯ ಜೊತೆ ಮಾವನ ಮನೆಗೆ ಬಂದಿದ್ದ. ನಾಲ್ಕು ದಿನದ ಮಟ್ಟಿಗೆ ಎಂದು ಬಂದವನು. ಹಾಸಿಗೆ ಹಾಕಿದ್ದು ನಡುಮನೆಯಲ್ಲಿ. ಅದು ಮಾವ ಪತ್ರಿಕೆ ಓದುವ ಜಾಗ. ಈಗ ಅವರು ಅಡುಗೆಮನೆಯ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಓದುತ್ತಿದ್ದರು. ಒಂದು ಮಾತೂ ಆಡಿದವರಲ್ಲ. ಅಳಿಯ ಎರಡನೇ ಸಲ ಬಡಿಸಿಕೊಂಡಾಗ ಪತ್ರಿಕೆಯನ್ನು ಸ್ವಲ್ಪ ಕೆಳಗಿಳಿಸುತ್ತಿದ್ದರು, ಅಷ್ಟೇ. ಅಳಿಯ ಒಂದೇ ಸಲ ಬಡಿಸಿಕೊಳ್ಳುವುದನ್ನು ಕಲಿತಿದ್ದ.

ಮಾವ ಅದೇ ಇಲಾಖೆಯಲ್ಲಿ ಹೆಡ್ ಗುಮಾಸ್ತರಾಗಿದ್ದವರು. ಯಾವ ಕಾಗದ ಬಂದರೂ ಕೆಳಗೊಂದು ಷರಾ ಬರೆಯದೆ ಬಿಟ್ಟವರಲ್ಲ. ಕಚೇರಿಯಲ್ಲಿ ಅವರಿಗೆ ಷರಾ ಎಂದೇ ಹೆಸರು. ಮನೆಗೆ ಬಂದ ಮೇಲೂ ಅಭ್ಯಾಸ ಹೋಗಿರಲಿಲ್ಲ.

"ಸರ್ಕಾರಿ ಕೆಲಸ. ಸಿಕ್ಕಿದ್ರೆ ಸಾಯೋವರೆಗೂ ಇರುತ್ತೆ," ಎಂದರು.

"ಸಿಗುತ್ತಾ ಮಾವ?"

"ಕೆಲಸ ಗೊತ್ತಿದ್ರೆ ಸಿಗಲ್ಲ. ಅಭಿಪ್ರಾಯ ಚೆನ್ನಾಗಿ ಬಂದ್ರೆ ಸಿಗುತ್ತೆ."

"ಸಿಕ್ಕಿದ ತಿಂಗಳೇ ಬೇರೆ ಮನೆ ನೋಡೋಣ ರೀ," ಎಂದಳು ಹೆಂಡತಿ. ಅವಳಿಗೆ ಬೇಕಾಗಿದ್ದು ಇಷ್ಟೇ, ತಾನೇ ಹಾಕಿ ತಾನೇ ತೆಗೆಯುವ ಒಂದು ಬಾಗಿಲು.

ಮೊದಲ ಸಂದರ್ಶನಕ್ಕೆ ಅಳಿಯ ಮಾವನ ಕೋಟು ತೊಟ್ಟು ಹೋದ. ಉಣ್ಣೆಯ ಕೋಟು. ಬೇಸಿಗೆ. ಜೊತೆಗೆ ಇನ್ನೂ ಹಲವರು ಮೆಟ್ಟಿಲು ಹತ್ತುತ್ತಿದ್ದರು. ಎರಡನೇ ಮಹಡಿಯವರೆಗೆ ಮಾತಾಡುತ್ತಾ ಹತ್ತಿದರು. ಮೂರನೆಯದರಲ್ಲಿ ಮಾತು ನಿಂತಿತು. ನಾಲ್ಕನೆಯದರಲ್ಲಿ ಒಬ್ಬ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡ. ಐದನೆಯದರಲ್ಲಿ ಇನ್ನೊಬ್ಬ ಗೋಡೆ ಹಿಡಿದು ನಿಂತ. "ಬಂದ ದಾರಿಗೆ ಸುಂಕ ಇಲ್ಲ, ನೀವು ನಡೀರಿ," ಎಂದು ಹೇಳಿ ಇಳಿದು ಹೋದ.

ಆರನೇ ಮಹಡಿಯ ಕೋಣೆಯಲ್ಲಿ ಸಮಿತಿ ಕೂತಿತ್ತು. ನಡುವೆ ಅಧ್ಯಕ್ಷರು. ಬಲಕ್ಕೆ ಲೆಕ್ಕಾಧಿಕಾರಿಣಿ. ಎಡಕ್ಕೆ ಕೈಬರಹದ ತಜ್ಞರು. ಮೂವರ ಮುಖಗಳೂ ಪೌಡರ್ ಹಚ್ಚಿ ತಣ್ಣಗಿದ್ದವು.

"ಯಾಕಿಷ್ಟು ಬೆವರ್ತಿದ್ದೀರಿ?" ಎಂದರು ಅಧ್ಯಕ್ಷರು.

"ಮೆಟ್ಟಿಲು ಹತ್ತಿ ಬಂದೆ ಸಾರ್."

"ಲಿಫ್ಟ್ ಇದೆಯಲ್ಲ."

"ಅದು ಕೆಟ್ಟಿದೆ ಸಾರ್."

ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಮೆಕ್ಯಾನಿಕ್ಕಾ?"

"ಹೌದು ಸಾರ್."

"ಈ ಇಲಾಖೆಯ ಮೆಕ್ಯಾನಿಕ್ಕಾ?"

"ಅಲ್ಲ ಸಾರ್. ಅದಕ್ಕೇ ಬಂದಿದ್ದೀನಿ."

"ಹಾಗಿದ್ಮೇಲೆ ಕೆಟ್ಟಿದೆ ಅಂತ ಯಾವ ಅಧಿಕಾರದ ಮೇಲೆ ಹೇಳ್ತೀರಿ?"

ಅಳಿಯ ಉತ್ತರ ಹೇಳಲು ಮುಂದಕ್ಕೆ ಬಗ್ಗಿದ. ಹಣೆಯಿಂದ ಒಂದು ಹನಿ ಉದುರಿ ಮೇಜಿನ ಮೇಲೆ ಬಿತ್ತು. ನಾಲ್ಕೂ ಜನ ಅದನ್ನು ನೋಡಿದರು.

"ಲಿಫ್ಟ್ ಸರಿಯಾಗಿರೋ ಕಟ್ಟಡದಲ್ಲಿ ಮನುಷ್ಯ ಬೆವರೋದಕ್ಕೆ ಒಂದೇ ಕಾರಣ ಇರೋದು," ಎಂದು ಲೆಕ್ಕಾಧಿಕಾರಿಣಿ ಹೇಳುತ್ತಾ ಬರೆದುಕೊಂಡರು. "ಭಯ."

ಕೈಬರಹದ ತಜ್ಞರು ಕಾಗದ ಮುಂದಿಟ್ಟು ಒಂದು ವಾಕ್ಯ ಬರೆಯಲು ಹೇಳಿದರು. ಒದ್ದೆ ಕೈ ತಗುಲಿ ಶಾಯಿ ಹರಡಿತು. ತಜ್ಞರು ಕಾಗದವನ್ನು ಬೆಳಕಿಗೆ ಹಿಡಿದು, "ಬರವಣಿಗೆಯಲ್ಲೂ ಭಯ ಕಾಣ್ತಿದೆ," ಎಂದರು.

ಮಾರನೆಯ ವಾರ ಫಲಿತಾಂಶ ಬಂತು. 'ಹಾಜರಾದ ಅಭ್ಯರ್ಥಿಗಳೆಲ್ಲರೂ ಅತಿಯಾದ ಭಯದಿಂದ ಬಳಲುತ್ತಿರುವುದು ಕಂಡುಬಂದಿದ್ದು, ಅಂಥವರ ಕೈಗೆ ಯಂತ್ರವನ್ನು ಒಪ್ಪಿಸುವುದು ಸೂಕ್ತವಲ್ಲವೆಂದು ತೀರ್ಮಾನಿಸಲಾಗಿದೆ. ಮುಂದಿನ ತಿಂಗಳು ಮರು ಸಂದರ್ಶನ ನಡೆಸತಕ್ಕದ್ದು.'

"ನೀನು ಬೆವರಬಾರದಿತ್ತು," ಎಂದರು ಮಾವ.

"ಆರು ಮಹಡಿ ಮಾವ."

"ನಾನು ಮೂವತ್ತು ವರ್ಷ ಹೋಗಿ ಬಂದಿದ್ದೀನಿ. ಒಂದು ದಿನ ಬೆವರಿಲ್ಲ."

"ಆಗ ಲಿಫ್ಟ್ ನಡೀತಿತ್ತಲ್ಲ ಅಪ್ಪ," ಎಂದಳು ಮಗಳು.

"ನಡೀತಿತ್ತು. ಅದು ಬೇರೆ ವಿಷಯ."

ಮಾರನೆಯ ದಿನದಿಂದ ತಾಲೀಮು ಶುರುವಾಯಿತು. ಮನೆಯ ಹಿಂಬದಿಯಲ್ಲಿ ತಾರಸಿಗೆ ಹೋಗುವ ಮೆಟ್ಟಿಲಿತ್ತು. ಅಳಿಯ ಕೋಟು ತೊಟ್ಟು ಅದನ್ನು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಮಾವ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅಳಿಯ ಇಳಿದು ಬಂದಾಗಲೆಲ್ಲ ಬೆರಳಿನಿಂದ ಅವನ ಹಣೆ ಮುಟ್ಟಿ ನೋಡಿ, "ಇನ್ನೂ ಇದೆ," ಎನ್ನುತ್ತಿದ್ದರು.

ಅತ್ತೆ ಇದನ್ನು ಎರಡು ದಿನ ನೋಡಿದರು. ಮೂರನೇ ದಿನ ಒಗೆದ ಬಟ್ಟೆಯ ಬಕೆಟ್ಟನ್ನು ಅಳಿಯನ ಕೈಗೆ ಕೊಟ್ಟರು. "ಹೇಗಿದ್ರೂ ಮೇಲೆ ಹೋಗ್ತಾ ಇದ್ದೀಯಲ್ಲಪ್ಪ." ಆಮೇಲೆ ನೀರಿನ ಕೊಡ. ಆಮೇಲೆ ಹಳೆಯ ಮಂಚದ ಕಾಲುಗಳು. ಒಳಗಿದ್ದದ್ದೆಲ್ಲ ತಾರಸಿ ಸೇರಿದ ಮೇಲೆ, ಅದರಲ್ಲಿ ಬೇಕಾದದ್ದೊಂದೊಂದೇ ನೆನಪಾಗತೊಡಗಿತು. ಅವನ್ನೂ ಅಳಿಯನೇ ಇಳಿಸಿದ.

"ಕೆಲಸ ಸಿಗೋಕೆ ಮುಂಚೆನೇ ನಮ್ಮಮ್ಮ ನಿಮ್ಮನ್ನ ಕೆಲಸಕ್ಕೆ ತಗೊಂಡಿದ್ದಾಳೆ," ಎಂದಳು ಹೆಂಡತಿ.

ಸಂಜೆ ಪಕ್ಕದ ಮನೆಯಾತ ಗೋಡೆಯ ಮೇಲಿಂದ ಇಣುಕಿದ. "ಏನು ಯಜಮಾನ್ರೆ, ಟ್ಯಾಂಕ್ ಸೋರ್ತಾ ಇದೆಯಾ?"

"ಇಲ್ಲ. ಅಳಿಯನ ಸಂದರ್ಶನ," ಎಂದರು ಮಾವ.

"ಓಹೋ," ಎಂದ ಆತ. ಅವನಿಗೆ ಏನೂ ವಿಚಿತ್ರ ಅನ್ನಿಸಲಿಲ್ಲ. ಅವನ ಮಗನೂ ಎಲ್ಲೋ ಅರ್ಜಿ ಹಾಕಿದ್ದ.

ನಗುವಿನ ಪಾಠ ಊಟವಾದ ಮೇಲೆ. "ಹಲ್ಲು ಕಾಣಬಾರದು. ಕಂಡ್ರೆ ಸಲುಗೆ," ಎಂದರು ಮಾವ. "ತುಟಿ ಬಿಗಿ ಹಿಡೀಬಾರದು. ಹಿಡಿದ್ರೆ ಕೊಬ್ಬು."

"ಮತ್ತೆ?"

"ನಡುವೆ."

ಅಳಿಯ ನಡುವೆ ನಕ್ಕ.

"ಹಲ್ಲುನೋವು ಬಂದವನ ಹಾಗಿದ್ದಾನೆ," ಎಂದರು ಅತ್ತೆ.

"ಅದೇ ಸರಿ. ಸರ್ಕಾರಿ ನಗು ಹಾಗೇ ಇರೋದು. ಈಗ ಕೇಳ್ತೀನಿ ಹೇಳು. ನಿಮ್ಮ ದೌರ್ಬಲ್ಯ ಏನು?"

"ಬೆವರೋದು."

"ಅಲ್ಲ. ಅತಿಯಾಗಿ ಕೆಲಸ ಮಾಡೋದು ನನ್ನ ದೌರ್ಬಲ್ಯ ಅನ್ನಬೇಕು."

ಅಡುಗೆಮನೆಯಲ್ಲಿ ಹೆಂಡತಿ ನಕ್ಕದ್ದು ಕೇಳಿಸಿತು. ಅವಳ ಹಲ್ಲು ಕಂಡಿರಬೇಕು.

ತಾಲೀಮಿನಿಂದ ಅಳಿಯನ ಕಾಲು ಗಟ್ಟಿಯಾಯಿತು. ಬೆವರು ಮಾತ್ರ ಕಡಿಮೆಯಾಗಲಿಲ್ಲ. ಆಗ ಮಾವ ಹಳೆಯ ಸಹೋದ್ಯೋಗಿಗಳಿಂದ ಕೇಳಿದ್ದ ಕಚೇರಿಯ ಗುಟ್ಟು ಬಿಟ್ಟುಕೊಟ್ಟರು. ಸಮಿತಿಯವರೂ ಹತ್ತುವುದು ಇದೇ ಮೆಟ್ಟಿಲನ್ನೇ. ಬೆಳಿಗ್ಗೆ ಬಾಗಿಲು ತೆರೆದಾಗ ಹೊರಡುತ್ತಾರೆ. ಪ್ರತಿ ಮಹಡಿಯಲ್ಲಿ ಕೂತು ಚಹಾ ಕುಡಿಯುತ್ತಾರೆ. ಇದಕ್ಕೆ ಮಹಡಿವಾರು ಪರಿಶೀಲನೆ ಎಂದು ಹೆಸರು. ಐದನೇ ಮಹಡಿಯಲ್ಲಿ 'ಪರಿಶೀಲನಾ ಕೊಠಡಿ' ಎಂಬ ಫಲಕ ಹಾಕಿದ ಕೋಣೆಯಿದೆ. ಒಳಗೆ ಫ್ಯಾನು, ಟವೆಲ್ಲು, ಪೌಡರ್ ಡಬ್ಬಿ. ಅಲ್ಲಿ ಒಣಗಿ, ಊಟದ ಹೊತ್ತಿಗೆ ಆರನೇ ಮಹಡಿ ಮುಟ್ಟುತ್ತಾರೆ. ಊಟವಾದ ಮೇಲೆ ಸಂದರ್ಶನ. ಅದು ಮುಗಿಯುತ್ತಲೇ ಇಳಿಯಲು ಹೊರಡಬೇಕು, ಇಲ್ಲದಿದ್ದರೆ ಕಚೇರಿ ಮುಚ್ಚುವ ಹೊತ್ತಿಗೆ ಕೆಳಗೆ ಬರಲಾಗುವುದಿಲ್ಲ.

"ನೀನೂ ಹಾಗೇ ಹೋಗು. ಮಹಡಿ ಮಹಡಿಗೂ ನಿಲ್ಲು. ಒಣಗಿದ ಮೇಲೆ ಮುಂದಿನ ಮಹಡಿ."

ಎರಡನೇ ಸಲ ಅಳಿಯ ಹಾಗೇ ಮಾಡಿದ. ಮೊದಲನೇ ಮಹಡಿಯಲ್ಲಿ ಕಿಟಕಿಯ ಬಳಿ ನಿಂತ. ಜವಾನ ಬಂದ.

"ಏನ್ ಕೆಲಸ?"

"ಏನಿಲ್ಲ. ಒಣಗ್ತಾ ಇದ್ದೀನಿ."

"ಕೆಲಸ ಇಲ್ಲದವರು ನಿಲ್ಲೋ ಹಾಗಿಲ್ಲ. ಇದ್ದವರು ಸಾಲಲ್ಲಿ ನಿಲ್ಲಬೇಕು."

ಅಳಿಯ ಸಾಲಲ್ಲಿ ನಿಂತ. ಅದು ನಲ್ಲಿ ಸಂಪರ್ಕದ ಸಾಲು. ಅವನ ಸರದಿ ಬಂದಾಗ ಬರೀ ಕೈಯಲ್ಲಿ ಹೊರಡುವುದು ಚೆನ್ನಾಗಿರುವುದಿಲ್ಲವೆಂದು ಮಾವನ ಮನೆಗೆ ಇನ್ನೊಂದು ನಲ್ಲಿ ಕೇಳಿದ. ಎರಡನೇ ಮಹಡಿಯಲ್ಲಿ ಚರಂಡಿ ಕೇಳಿದ. ಮೂರನೆಯದರಲ್ಲಿ ಬೀದಿದೀಪ. ನಾಲ್ಕನೆಯದರಲ್ಲಿ ಇದ್ದದ್ದು ತಪ್ಪಾಗಿ ಕೊಟ್ಟ ಸೌಲಭ್ಯವನ್ನು ರದ್ದು ಮಾಡುವ ಸಾಲು. ಅಲ್ಲಿ ಅವನು ನಲ್ಲಿ, ಚರಂಡಿ, ದೀಪ ಮೂರನ್ನೂ ರದ್ದು ಮಾಡಿಸಿದ. ಗುಮಾಸ್ತ ಬಹಳ ಸಂತೋಷಪಟ್ಟ. ಇಷ್ಟು ಬೇಗ ಇತ್ಯರ್ಥವಾದ ಪ್ರಕರಣ ಅವನ ಕೈಗೆ ಬಂದಿರಲಿಲ್ಲ.

ಐದನೇ ಮಹಡಿಗೆ ಬಂದಾಗ ಅಳಿಯ ಹಪ್ಪಳದಂತೆ ಒಣಗಿದ್ದ. ಹೊತ್ತು ಮಾತ್ರ ಮೀರಿತ್ತು. ಐದಕ್ಕೂ ಆರಕ್ಕೂ ನಡುವಿನ ತಿರುವಿನಲ್ಲಿ ಸಮಿತಿ ಎದುರಾಯಿತು. ಮೂವರೂ ಕೈಯಲ್ಲಿ ಬೂಟು ಹಿಡಿದು ಇಳಿಯುತ್ತಿದ್ದರು.

ಅಳಿಯ ನಡುವೆ ನಕ್ಕ. ಅಧ್ಯಕ್ಷರು ಗೋಡೆ ನೋಡಿದರು. ಲೆಕ್ಕಾಧಿಕಾರಿಣಿ ಸೂರು ನೋಡಿದರು. ಕೈಬರಹದ ತಜ್ಞರು ಕೆಲಸಕ್ಕೆ ಹೊಸಬರು, "ಬಂದ್ರಾ?" ಎನ್ನಲು ಬಾಯಿ ತೆರೆದರು. ಲೆಕ್ಕಾಧಿಕಾರಿಣಿ ಅವರ ತೋಳು ಜಗ್ಗಿದರು. ಲಿಫ್ಟ್ ಸರಿಯಿರುವ ಕಟ್ಟಡದಲ್ಲಿ ಮೆಟ್ಟಿಲ ಮೇಲೆ ಯಾರೂ ಇರುವುದಿಲ್ಲ. ಆದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಅಳಿಯನೂ ಮರ್ಯಾದಸ್ಥ. ಅವರೆಲ್ಲ ಇಳಿದು ಹೋಗುವವರೆಗೆ ಗೋಡೆಯ ಕಡೆ ಮುಖ ಮಾಡಿ ನಿಂತ.

ಫಲಿತಾಂಶದಲ್ಲಿ ಅವನ ಹೆಸರಿನ ಮುಂದೆ 'ಗೈರುಹಾಜರು' ಎಂದಿತ್ತು.

"ಗುರುತು ಹಿಡಿದು ಮಾತಾಡಿಸಿದ್ಯಾ?" ಎಂದು ಮಾವ ಕೇಳಿದರು.

"ಇಲ್ಲ ಮಾವ."

"ಒಳ್ಳೇದು ಮಾಡ್ದೆ. ಮಾತಾಡಿಸಿದ್ರೆ ಅಭಿಪ್ರಾಯ ಕೆಡ್ತಿತ್ತು." ಪತ್ರಿಕೆ ಮಡಚಿಟ್ಟು ಷರಾ ಸೇರಿಸಿದರು. "ಇನ್ನೊಂದೇ ಸಲ ಉಳಿದಿರೋದು. ಅದೂ ಆಗದಿದ್ರೆ ನಡುಮನೆ ವಿಚಾರ ಮಾಡಬೇಕಾಗುತ್ತೆ. ಹೊಸ್ತಿಲಲ್ಲಿ ಕೂತು ಓದಿದ್ರೆ ಕಣ್ಣಿಗೆ ಹೊಗೆ ಬರುತ್ತೆ."

ಇದಕ್ಕಿಂತ ದೊಡ್ಡ ಮಾತನ್ನು ಅವರು ಆಡುವವರಲ್ಲ. ಅಳಿಯನಿಗೆ ಅರ್ಥವಾಯಿತು. ಹೆಂಡತಿಗೂ ಅರ್ಥವಾಯಿತು. ಅವಳು ಹಾಸಿಗೆ ಹಾಸುತ್ತಾ ತಗ್ಗಿದ ದನಿಯಲ್ಲಿ ಕೇಳಿದಳು.

"ರೀ, ನಿಮಗೆ ಲಿಫ್ಟ್ ರಿಪೇರಿ ಬರುತ್ತಲ್ವಾ?"

"ಬರುತ್ತೆ."

"ಅದನ್ನ ರಿಪೇರಿ ಮಾಡ್ಕೊಂಡು ಅದರಲ್ಲೇ ಹೋಗಿ."

ಅಳಿಯ ಎದ್ದು ಕೂತ. ಇಷ್ಟು ದಿನ ಇದು ಯಾರ ತಲೆಗೂ ಹೊಳೆದಿರಲಿಲ್ಲ. "ಅದು ಕೆಲಸ ಸಿಕ್ಕಿದ ಮೇಲೆ ಮಾಡೋ ಕೆಲಸ ಕಣೆ."

"ಮೊದಲೇ ಮಾಡಿ. ಸಿಕ್ಕಿದ ಮೇಲೆ ಯಾರು ಕೆಲಸ ಮಾಡ್ತಾರೆ?"

ಮೂರನೇ ಸಂದರ್ಶನದ ದಿನ ಬೆಳಿಗ್ಗೆ ಅಳಿಯ ಕೋಟಿನ ಜೇಬಿನಲ್ಲಿ ಒಂದು ಸ್ಪ್ಯಾನರ್ ಇಟ್ಟುಕೊಂಡು ಹೋದ. ಕಾವಲುಗಾರ ಬಾಗಿಲು ತೆರೆದು ಗಂಟೆಯ ಮೇಲಾಗಿತ್ತು. ಸಮಿತಿ ಆಗಲೇ ಎರಡು ಮಹಡಿ ಹತ್ತಿತ್ತು. ಅಳಿಯ ಲಿಫ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತದ್ದನ್ನು ಕಾವಲುಗಾರ ನೋಡಿದ.

"ನೀನು ಇಲ್ಲಿ ಕೆಲಸದವನಾ?"

"ಆಗೋಕೆ ಬಂದಿದ್ದೀನಿ."

"ಹಾಗಾದ್ರೆ ಮುಟ್ಟೋ ಹಾಗಿಲ್ಲ."

"ಮುಟ್ಟದಿದ್ರೆ ಬೆವರ್ತೀನಿ. ಬೆವರಿದ್ರೆ ಕೆಲಸ ಸಿಗಲ್ಲ. ಕೆಲಸ ಸಿಗದಿದ್ರೆ ಮುಟ್ಟೋ ಹಾಗಿಲ್ಲ."

ಕಾವಲುಗಾರ ಯೋಚಿಸಿದ. "ಹುಚ್ಚು ಬಿಡೋವರೆಗೂ ಮದುವೆ ಇಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಅದಾ?"

"ಅದೇ."

"ನಾನು ಆ ಕಡೆ ತಿರುಗ್ತೀನಿ. ಬೇಗ ಮುಗಿಸು. ನನಗೆ ಕತ್ತು ನೋವು."

ಒಂದೇ ಏಟು. ಪಟ್ಟಿ ನೆಟ್ಟಗಾಯಿತು. ಅಳಿಯ ಒಳಗೆ ಹೋಗಿ ಜಾಲರಿ ಎಳೆದ. ದೀಪ ಹೊತ್ತಿತು. ತಲೆಯ ಮೇಲಿನ ಸಣ್ಣ ಫ್ಯಾನು ಧೂಳು ಉದುರಿಸಿ ತಿರುಗಿತು. ಗುಂಡಿ ಒತ್ತಿದ. ಲಿಫ್ಟ್ ನಿದ್ದೆಯಿಂದೆದ್ದ ಮುದುಕನ ಹಾಗೆ ಒಮ್ಮೆ ನರಳಿ ಮೇಲೆ ಹೊರಟಿತು.

ಎರಡನೇ ಮಹಡಿಯಲ್ಲಿ ಒಬ್ಬ ಗುಮಾಸ್ತ ಕಂಡಕೂಡಲೇ ಎದ್ದು ನಿಂತ. ಲಿಫ್ಟಿನಲ್ಲಿ ಹೋಗುವವನು ದೊಡ್ಡವನೇ ಇರಬೇಕು. ಮೂರನೇ ಮಹಡಿಯಲ್ಲಿ ಸಮಿತಿ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿತ್ತು. ಅವರ ಎದುರು ಒಂದು ತಲೆ ಬಂತು, ಉಣ್ಣೆಯ ಕೋಟು ಬಂತು, ಬೂಟು ಬಂತು, ಮೇಲೆ ಹೋಯಿತು. ಮೂವರೂ ಲೋಟ ತುಟಿಗಿಟ್ಟುಕೊಂಡೇ ಅದನ್ನು ನೋಡಿದರು. ಏನೂ ಹೇಳಲಿಲ್ಲ. ಹೇಳಬೇಕಾದರೆ ತಾವು ಅಲ್ಲಿ ಕೂತಿದ್ದೇವೆಂದು ಒಪ್ಪಬೇಕಾಗುತ್ತಿತ್ತು.

ಊಟದ ಹೊತ್ತಿಗೆ ಸಮಿತಿ ಮೇಲೆ ಬಂತು. ಊಟವಾಯಿತು. ಸಂದರ್ಶನ ಶುರುವಾಯಿತು. ಉಳಿದ ಅಭ್ಯರ್ಥಿಗಳು ಒಬ್ಬರಾದ ಮೇಲೊಬ್ಬರು ಹನಿ ಉದುರಿಸಿ ಹೋದರು. ಕೊನೆಗೆ ಅಳಿಯ ಒಳಗೆ ಬಂದ. ಕೋಣೆಯಲ್ಲಿ ಎಲ್ಲರಿಗಿಂತ ಒಣಗಿದ್ದವನು ಅವನೇ.

"ಕೂತ್ಕೊಳ್ಳಿ," ಎಂದರು ಅಧ್ಯಕ್ಷರು. ಅಳಿಯ ಕೂತ. ಲೆಕ್ಕಾಧಿಕಾರಿಣಿ ಅವನ ಹಣೆಯನ್ನು ಹತ್ತಿರದಿಂದ ಪರೀಕ್ಷಿಸಿ, "ಭಯ ಇಲ್ಲ," ಎಂದು ಬರೆದುಕೊಂಡರು. ಕೈಬರಹದ ತಜ್ಞರು ಅವನ ವಾಕ್ಯವನ್ನು ಬೆಳಕಿಗೆ ಹಿಡಿದು, "ಅಕ್ಷರಗಳು ಆರಾಮಾಗಿ ನಿಂತಿವೆ," ಎಂದರು.

"ನಿಮ್ಮ ದೌರ್ಬಲ್ಯ?"

"ಅತಿಯಾಗಿ ಕೆಲಸ ಮಾಡೋದು ಸಾರ್."

"ಪರವಾಗಿಲ್ಲ. ಇಲ್ಲಿಗೆ ಬಂದ ಮೇಲೆ ಸರಿಹೋಗುತ್ತೆ. ಮನೇಲಿ ಯಾರ್ಯಾರಿದ್ದೀರಿ?"

"ನಾನು, ಹೆಂಡತಿ, ಅತ್ತೆ, ಮಾವ."

"ಯಾರ ಮನೆ?"

"ಮಾವಂದು ಸಾರ್."

ಮೂವರೂ ತಲೆಯೆತ್ತಿ ಅವನನ್ನು ನೋಡಿದರು. ಸಮಿತಿ ಮನುಷ್ಯರ ಹಾಗೆ ಕಂಡದ್ದು ಆ ಒಂದು ಕ್ಷಣ ಮಾತ್ರ.

"ಪೂರ್ತಿ ಅಂಕ," ಎಂದರು ಲೆಕ್ಕಾಧಿಕಾರಿಣಿ.

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದವರು ಹಾಗೇ ನಿಂತರು. "ಒಂದು ವಿಷಯ. ನೀವು ಮೇಲೆ ಹೇಗೆ ಬಂದ್ರಿ?"

"ಲಿಫ್ಟಲ್ಲಿ ಸಾರ್."

ಪೆನ್ನಿನ ಮುಚ್ಚಳ ಮತ್ತೆ ಹಾಕಿದ ಸದ್ದು ಕೇಳಿಸಿತು.

"ಸಮಿತಿ ಚರ್ಚೆ ಮಾಡಬೇಕಾಗಿದೆ," ಎಂದರು ಅಧ್ಯಕ್ಷರು. "ಅಭ್ಯರ್ಥಿಯನ್ನ ಹೊರಗೆ ಕಳಿಸೋಕೆ ಜವಾನ ಇಲ್ಲ. ಅವನಿನ್ನೂ ನಾಲ್ಕನೇ ಮಹಡಿಯಲ್ಲಿದ್ದಾನೆ. ಆದ್ದರಿಂದ ಅಭ್ಯರ್ಥಿ ಇಲ್ಲಿಲ್ಲ ಅಂತ ಭಾವಿಸೋಣ."

ಎಲ್ಲರೂ ಹಾಗೆ ಭಾವಿಸಿದರು. ಅಳಿಯನೂ ಭಾವ ಕೆಡದಂತೆ ಕೂತ.

"ಲಿಫ್ಟ್ ನಡೆದ್ರೆ ಒಗೆತದ ಭತ್ಯೆ ಏನಾಗುತ್ತೆ?" ಎಂದರು ಲೆಕ್ಕಾಧಿಕಾರಿಣಿ. ಮಹಡಿವಾರು ಪರಿಶೀಲನೆಯಲ್ಲಿ ಬಟ್ಟೆ ಕೊಳೆಯಾಗುವುದರಿಂದ ಇಲಾಖೆ ಅಧಿಕಾರಿಗಳಿಗೆ ಒಗೆತದ ಭತ್ಯೆ ಕೊಡುತ್ತಿತ್ತು. ಮಹಡಿ ಹೆಚ್ಚಿದಷ್ಟೂ ಭತ್ಯೆ ಹೆಚ್ಚು. ಆರನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು. ಲೆಕ್ಕಾಧಿಕಾರಿಣಿ ಅದರಲ್ಲಿ ಮನೆಗೊಂದು ಒಗೆಯುವ ಯಂತ್ರ ತಂದಿದ್ದರು. ಅಧ್ಯಕ್ಷರು ಎರಡು ತಂದಿದ್ದರು.

"ಭತ್ಯೆ ಹೋಗ್ಲಿ. ಜನ ಮೇಲೆ ಬರ್ತಾರಲ್ಲ," ಎಂದರು ಕೈಬರಹದ ತಜ್ಞರು.

ದೂರು ಸ್ವೀಕರಿಸುವ ಕಿಟಕಿ ಇದ್ದದ್ದು ಆರನೇ ಮಹಡಿಯಲ್ಲಿ. ಲಿಫ್ಟ್ ನಿಂತ ಮೇಲೆ ಅಲ್ಲಿಗೆ ಒಂದೂ ದೂರು ಬಂದಿರಲಿಲ್ಲ. ದೂರಿಲ್ಲದ ಇಲಾಖೆ ಎಂದು ಸರ್ಕಾರ ಒಂದು ಹಿತ್ತಾಳೆಯ ಫಲಕ ಕೊಟ್ಟಿತ್ತು. ಅದು ಅಧ್ಯಕ್ಷರ ಬೆನ್ನ ಹಿಂದೆಯೇ ಇತ್ತು. ಅಧ್ಯಕ್ಷರು ತಿರುಗಿ ಅದನ್ನು ನೋಡಿದರು, ಮಗುವನ್ನು ಬೇರೆಯವರ ಕೈಗೆ ಕೊಡುವವರ ಹಾಗೆ.

"ಇವರನ್ನ ತಗೊಳ್ಳದೆ ಇರೋಣ್ವಾ?" ಎಂದರು ತಜ್ಞರು.

"ಪೂರ್ತಿ ಅಂಕ ಬಂದಿದೆ. ತಗೊಳ್ಳಲೇಬೇಕು," ಎಂದರು ಲೆಕ್ಕಾಧಿಕಾರಿಣಿ.

"ಲಿಫ್ಟ್ ಕೆಟ್ಟಿದೆ ಅಂತ ಬರೆಸಿಬಿಡೋಣ. ಈಗ ಮೆಕ್ಯಾನಿಕ್ ಇದ್ದಾರಲ್ಲ."

"ಬರೆದ್ರೆ ರಿಪೇರಿ ಮಾಡಬೇಕಾಗುತ್ತೆ. ಸರಿಯಾಗೇ ಇರ್ಬೇಕು. ನಡೀಬಾರದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಂಥ ಸಂದರ್ಭಕ್ಕೆಂದೇ ಸರ್ಕಾರ ಅಧ್ಯಕ್ಷರನ್ನು ನೇಮಿಸುವುದು. ಅವರು ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದು ತಜ್ಞರು ಬಗ್ಗಿ ನೋಡುವಷ್ಟು ಹೊತ್ತಾಯಿತು.

"ಮೆಕ್ಯಾನಿಕ್ಕಿಗೆ ಕೂರೋಕೆ ಕೊಠಡಿ ಎಲ್ಲಿದೆ?" ಎಂದರು ಕಣ್ಣು ತೆರೆಯದೆ.

"ಇಲ್ಲ ಸಾರ್. ಹಿಂದಿನವನು ಮೆಟ್ಟಿಲ ಕೆಳಗೆ ಕೂರ್ತಿದ್ದ."

"ಅದು ನೌಕರನಿಗೆ ಅಗೌರವ. ಕೆಳಗಡೆ ಬೆಳಕಿರೋ, ಫ್ಯಾನಿರೋ, ಬಾಗಿಲಿರೋ ಜಾಗ ಯಾವುದಿದೆ?"

ಲೆಕ್ಕಾಧಿಕಾರಿಣಿಗೆ ಮೊದಲು ಹೊಳೆಯಿತು. ಅವರ ಮುಖ ಅರಳಿತು. ಆದೇಶವನ್ನು ಅಲ್ಲೇ ಬರೆದರು:

'ನೂತನ ಮೆಕ್ಯಾನಿಕ್ ಅವರ ಕಚೇರಿಯನ್ನು ನೆಲಮಹಡಿಯ ಲಿಫ್ಟಿನಲ್ಲಿ ಸ್ಥಾಪಿಸತಕ್ಕದ್ದು. ಸ್ಥಳಾಂತರ ಸಮಿತಿಯ ಒಪ್ಪಿಗೆಯಿಲ್ಲದೆ ಯಾವುದೇ ಕಚೇರಿಯನ್ನು ಒಂದು ಮಹಡಿಯಿಂದ ಇನ್ನೊಂದು ಮಹಡಿಗೆ ಒಯ್ಯತಕ್ಕದ್ದಲ್ಲ. ಸ್ಥಳಾಂತರ ಸಮಿತಿಯನ್ನು ಸೂಕ್ತ ಕಾಲದಲ್ಲಿ ರಚಿಸಲಾಗುವುದು.'

"ಈಗ ಅಭ್ಯರ್ಥಿ ಇಲ್ಲಿದ್ದಾರೆ ಅಂತ ಭಾವಿಸೋಣ," ಎಂದು ಅಧ್ಯಕ್ಷರು ಅಳಿಯನ ಕಡೆ ತಿರುಗಿದರು. "ಕೇಳಿಸ್ಕೊಂಡಿರಬೇಕು. ಒಪ್ಪಿಗೆನಾ?"

ಅಳಿಯನ ಕೈ ಕೋಟಿನ ಜೇಬಿನಲ್ಲಿ ಸ್ಪ್ಯಾನರಿನ ಮೇಲಿತ್ತು. ಮೋಟರು ಒಳ್ಳೆಯದು, ಹಗ್ಗ ಗಟ್ಟಿ, ಇನ್ನೂ ಒಂದು ತಲೆಮಾರು ಜನರನ್ನು ಹೊತ್ತು ತಿರುಗಬಲ್ಲ ಯಂತ್ರ. ಬೆಳಿಗ್ಗೆ ಅದು ಏರುವಾಗ ಕಾಲಡಿಯಲ್ಲಿ ಅದು ಗೊತ್ತಾಗಿತ್ತು. ಬೇಡ ಎನ್ನಬಹುದಿತ್ತು. ಬೇಡ ಎಂದರೆ ಸಂಜೆ ಮನೆಗೆ ಹೋಗಬೇಕು. ಹೊಸ್ತಿಲ ಬಳಿ ಪತ್ರಿಕೆ ಕೆಳಗಿಳಿಯುತ್ತದೆ. ಅಡುಗೆಮನೆಯಿಂದ ಹೆಂಡತಿ ಅವನ ಮುಖ ನೋಡುತ್ತಾಳೆ.

"ಒಪ್ಪಿಗೆ ಸಾರ್."

"ನೀವು ನಗಲಿಲ್ಲ."

ಅಳಿಯ ನಡುವೆ ನಕ್ಕ. ಅಧ್ಯಕ್ಷರು ಸಹಿ ಹಾಕಿದರು.

ಕಚೇರಿ ಆಗ ಆರನೇ ಮಹಡಿಯಲ್ಲಿತ್ತು. ಅದನ್ನು ಕೆಳಗೆ ಸ್ಥಾಪಿಸಬೇಕಿತ್ತು. ಸಮಿತಿ ಖುದ್ದು ಹಾಜರಿದ್ದು ಸ್ಥಾಪಿಸುವುದೇ ಸರಿಯೆಂದು ಮೂವರೂ ಲಿಫ್ಟಿನೊಳಗೆ ಬಂದರು. ಅಳಿಯ ಗುಂಡಿ ಒತ್ತಿದ. ಮಹಡಿಗಳು ಮೇಲೆ ಹೋದವು. ಅಧ್ಯಕ್ಷರು ಒಮ್ಮೆ ಮಂಡಿಯನ್ನು ಸವರಿಕೊಂಡರು. ಕೆಳಗೆ ಬಂದು ನಿಂತಾಗ ಲೆಕ್ಕಾಧಿಕಾರಿಣಿ, "ಎಷ್ಟು ಬೇಗ ಬಂದುಬಿಡ್ತು," ಎಂದರು. ಅವರ ದನಿ ಸ್ವಲ್ಪ ಬೇರೆಯಾಗಿತ್ತು. ಆಮೇಲೆ ಹೊರಗೆ ಬಂದು, ಒಂದು ಮೇಜು, ಒಂದು ಕುರ್ಚಿ, ಒಂದು ಸ್ಟೂಲು ಒಳಗಿಡಲು ಕಾವಲುಗಾರನಿಗೆ ಹೇಳಿದರು.

ಆ ತಿಂಗಳೇ ಅಳಿಯ ಬೇರೆ ಮನೆ ಮಾಡಿದ. ಹೆಂಡತಿ ಮೊದಲ ದಿನ ಬಾಗಿಲನ್ನು ಸುಮ್ಮಸುಮ್ಮನೆ ಹಾಕಿ ತೆಗೆದಳು. ಮಾವ ನಡುಮನೆಗೆ ಮರಳಿದರು. ಒಂದು ದಿನ ಅವರು ಅಳಿಯನ ಕಚೇರಿ ನೋಡಲು ಬಂದರು. ಸ್ಟೂಲಿನ ಮೇಲೆ ಕೂತು ಸುತ್ತಲೂ ನೋಡಿದರು. ಫ್ಯಾನು ನೋಡಿದರು, ದೀಪ ನೋಡಿದರು, ಗೋಡೆಯಲ್ಲಿ ಒಂದರಿಂದ ಆರರವರೆಗಿನ ಗುಂಡಿಗಳನ್ನು ನೋಡಿದರು.

"ನನಗೆ ಕೊನೇವರೆಗೂ ಪ್ರತ್ಯೇಕ ಕೊಠಡಿ ಕೊಡಲಿಲ್ಲ," ಎಂದರು. ಅಳಿಯ ಅವರಿಂದ ಕೇಳಿದ ಮೊದಲ ಮೆಚ್ಚುಗೆ ಅದು.

ಕೆಲಸ ಕಷ್ಟದ್ದೇನಲ್ಲ. ಲಿಫ್ಟ್ ಸರಿಯಿದೆಯೆಂದು ದಿನಕ್ಕೊಮ್ಮೆ ಬರೆದು ಸಹಿ ಮಾಡಬೇಕು. ಸರಿಯಾಗಿಯೇ ಇತ್ತು, ಅಳಿಯ ಸುಳ್ಳು ಬರೆಯಲಿಲ್ಲ. ಜಾಲರಿ ಬಾಗಿಲನ್ನು ಪೂರ್ತಿ ಎಳೆಯದಂತೆ ಮಾತ್ರ ಎಚ್ಚರ ವಹಿಸಬೇಕಿತ್ತು. ಎಳೆದರೆ ಒಳಗೆಲ್ಲೋ ಮೋಟರು ಗುರ್ ಎಂದು, ಎಲ್ಲಿಗೆ ಹೋಗೋಣ ಎಂದು ಕೇಳುವಂತೆ ಕಾಯುತ್ತಿತ್ತು. ಶುರುವಿನಲ್ಲಿ ಅವನ ಬೆರಳು ತಾನಾಗಿ ಗುಂಡಿಯ ಕಡೆ ಹೋಗುತ್ತಿತ್ತು. ಆಮೇಲೆ ಬಾಗಿಲಿಗೆ ಒಂದು ಇಟ್ಟಿಗೆ ಅಡ್ಡ ಇಟ್ಟ. ಅಭ್ಯಾಸವಾಯಿತು.

ಒಂದು ಮಧ್ಯಾಹ್ನ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ನೇರ ಒಳಗೆ ಹೆಜ್ಜೆಯಿಟ್ಟು, ಹೊರಗಡೆಗೆ ಮುಖ ತಿರುಗಿಸಿ, ಚೀಲವನ್ನು ಎದೆಗವಚಿಕೊಂಡು ನಿಂತಳು. ಸ್ವಲ್ಪ ಹೊತ್ತು ಹಾಗೇ ನಿಂತಳು. ಅಳಿಯ ಮೇಜಿನ ಹಿಂದಿನಿಂದ ಎದ್ದು ಕೋಟಿನ ಗುಂಡಿ ಹಾಕಿಕೊಂಡ.

"ಎಲ್ಲಿಗಮ್ಮ?"

"ಆರಕ್ಕಪ್ಪ. ಒಂದು ದೂರು ಕೊಡೋದಿತ್ತು."

"ಇದು ಕಚೇರಿ ಅಮ್ಮ."

ಮುದುಕಿ ತಿರುಗಿ ಮೇಜು ನೋಡಿದಳು, ಕುರ್ಚಿ ನೋಡಿದಳು. "ತಪ್ಪಾಯ್ತಪ್ಪ. ಕಣ್ಣು ಸರಿಯಾಗಿ ಕಾಣಲ್ಲ. ಲಿಫ್ಟ್ ಅಂದ್ಕೊಂಡೆ."

"ಪರವಾಗಿಲ್ಲ. ಕೂತ್ಕೊಳ್ಳಿ. ಸುಧಾರಿಸ್ಕೊಂಡು ಹೋಗಿ."

ಸ್ಟೂಲು ಮುಂದಕ್ಕೆ ಎಳೆದ. ಫ್ಯಾನು ಹಾಕಿದ. ನೀರು ಕೊಟ್ಟ. ಮುದುಕಿ ಕುಡಿದಳು. ಕಾಲು ಒತ್ತಿಕೊಂಡಳು. ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಎಷ್ಟು ದಿನ ಆಯ್ತಪ್ಪ ಕೆಲಸಕ್ಕೆ ಸೇರಿ?"

"ಹೊಸದು ಅಮ್ಮ."

"ಚೆನ್ನಾಗಿ ನಡೆಸ್ಕೊಂಡು ಹೋಗು."

"ಆಗ್ಲಿ ಅಮ್ಮ."

ಅಳಿಯ ಅವಳ ಕೋಲು ಎತ್ತಿಕೊಟ್ಟು, ಮೆಟ್ಟಿಲವರೆಗೂ ಜೊತೆಯಲ್ಲಿ ಹೋಗಿ, ಕೈ ಹಿಡಿದು ಮೊದಲ ಮೆಟ್ಟಿಲು ಹತ್ತಿಸಿದ. ಮೇಲಿನ ತಿರುವಿನಲ್ಲಿ ಯಾರೋ ಇಳಿದು ಬರುತ್ತಿದ್ದರು. ಮುದುಕಿ ಕಂಬಿ ಹಿಡಿದು ನಿಂತು, ಉಸಿರು ಎಳೆದುಕೊಳ್ಳುತ್ತಾ ಅವರಿಗೆ ಹೇಳುವುದು ಕೆಳಗೂ ಕೇಳಿಸಿತು.

"ಕೆಳಗೆ ಒಬ್ಬ ಹುಡುಗ ಇದ್ದಾನೆ. ಸರ್ಕಾರಿ ಕೆಲಸದವರು ಅಂದ್ರೆ ಹಾಗಿರ್ಬೇಕು ನೋಡಿ."